ಪಾನ್‌ಶೇತ್ ಒಡೆದ ದಿನ ಮತ್ತು ಅನಂತರದ ಪುಣೆ

ಪುಣೆಯ ಹಳೆಯ ಪೇಟೆಗಳಲ್ಲಿ ಹಿರಿಯರೊಡನೆ ಮಾತಿಗೆ ಕುಳಿತರೆ ಕಾಲವನ್ನು ಎಣಿಸುವ ಒಂದು ವಿಶಿಷ್ಟ ಕ್ರಮ ಕಿವಿಗೆ ಬೀಳುತ್ತದೆ. ಮದುವೆಯಾದದ್ದು ಪಾನ್‌ಶೇತಿಗೆ ಮೊದಲು, ಮನೆ ಬದಲಿಸಿದ್ದು ಪಾನ್‌ಶೇತ್ ಆದ ಮೇಲೆ. ನಮ್ಮಂತೆ ನೌಕರಿಯ ನಿಮಿತ್ತ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಪಾನ್‌ಶೇತ್ ಎಂದರೆ ಮಳೆಗಾಲದ ಭಾನುವಾರಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಬರುವ ಒಂದು ಜಲಾಶಯ. ಊರಿನವರಿಗೆ ಮಾತ್ರ ಅದು ಒಂದು ತಾರೀಖು: 1961ರ ಜುಲೈ 12, ಬುಧವಾರ.

ಪುಣೆಯ ನಕ್ಷೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳೋಣ. ನೈರುತ್ಯದ ಸಹ್ಯಾದ್ರಿಯಲ್ಲಿ ಹುಟ್ಟುವ ಮುಠಾ ನದಿ ಊರಿನ ನಡುವೆ ಹರಿದು ಸಂಗಮದಲ್ಲಿ ಮುಳಾ ನದಿಯನ್ನು ಕೂಡುತ್ತದೆ. ಮುಠೆಗೆ ನೀರು ತರುವ ಅಂಬಿ ಎಂಬ ಉಪನದಿಗೆ ಅಡ್ಡಲಾಗಿ ಪಾನ್‌ಶೇತಿನಲ್ಲಿ ಮಣ್ಣಿನ ಅಣೆಕಟ್ಟು ಏಳುತ್ತಿತ್ತು. ಅದರ ಕೆಳಗೆ, ಊರಿಗೆ ಹತ್ತಿರವಾಗಿ, 1879ರಲ್ಲಿ ಪೂರ್ಣಗೊಂಡ ಖಡಕ್‌ವಾಸ್ಲಾದ ಕಲ್ಲಿನ ಕಟ್ಟೆ. ಪುಣೆಯ ನಲ್ಲಿಗಳಿಗೆ ನೀರು ಬರುತ್ತಿದ್ದುದು ಈ ಕಟ್ಟೆಯಿಂದ.

ಪಾನ್‌ಶೇತ್ ಕಟ್ಟೆ ಪೂರ್ಣಗೊಳ್ಳಬೇಕಾಗಿದ್ದುದು 1962ರಲ್ಲಿ. ಆದರೆ 1961ರ ಮಳೆಗಾಲದಲ್ಲಿಯೇ ನೀರು ನಿಲ್ಲಿಸುವ ಆತುರ ತೋರಲಾಯಿತು. ಕಟ್ಟೆಯ ಅಡಿಯಲ್ಲಿ ನೀರು ಹೊರಬಿಡುವ ಕಾಲುವೆಯ ಕಮಾನಿಗೆ ಕಬ್ಬಿಣದ ಸರಳುಗಳಿರುವ ಕಾಂಕ್ರೀಟು ಬೇಕಿತ್ತು. ಉಕ್ಕಿನ ಅಭಾವದ ದಿನಗಳವು. ಸರಳಿಲ್ಲದ ಕಾಂಕ್ರೀಟಿನ ಅಚ್ಚುಗಳಿಂದಲೇ ಕೆಲಸ ಮುಗಿಯಿತು. ಜುಲೈ ತಿಂಗಳಲ್ಲಿ ಮಳೆ ಬಿಡದೆ ಸುರಿಯಿತು. ಅಡಿಯ ಕಮಾನು ಕುಸಿದಂತೆ ಮೇಲಿನ ಮಣ್ಣು ಕುಗ್ಗತೊಡಗಿತು. 11ರ ರಾತ್ರಿಯಿಡೀ ಸೈನಿಕರು ಕುಗ್ಗುತ್ತಿದ್ದ ಕಟ್ಟೆಯ ಮೇಲೆ ಮರಳಿನ ಚೀಲಗಳನ್ನು ಒಟ್ಟಿದರು. ಕಟ್ಟೆ ಉಳಿಯಲಿಲ್ಲ, ಆದರೆ ಬೆಳಗಿನವರೆಗೆ ನಿಂತಿತು. ನಡುರಾತ್ರಿಯಲ್ಲಿ, ನಿದ್ರೆಯಲ್ಲಿದ್ದ ಊರಿನ ಮೇಲೆ ಆ ನೀರು ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದಾಗ ಆ ಚೀಲಗಳ ಬೆಲೆ ತಿಳಿಯುತ್ತದೆ.

ಬೆಳಿಗ್ಗೆ ಪಾನ್‌ಶೇತ್ ಒಡೆಯಿತು. ನುಗ್ಗಿದ ನೀರನ್ನು ಖಡಕ್‌ವಾಸ್ಲಾದ ಹಳೆಯ ಕಟ್ಟೆ ಕೆಲವು ಗಂಟೆಗಳ ಕಾಲ ತಡೆಯಿತು. ನೆತ್ತಿಯ ಮೇಲೆ ನೀರು ಹರಿಯುತ್ತಿದ್ದರೂ ತಡೆಯಿತು. ಕೊನೆಗೆ ಅದೂ ಬಿರಿಯಿತು. ಊರಿನಲ್ಲಿ ಎಚ್ಚರಿಕೆಯ ಮಾತು ಕೆಲವರಿಗೆ ತಲುಪಿತು, ಹಲವರಿಗೆ ತಲುಪಲಿಲ್ಲ. ತಲುಪಿದವರಲ್ಲಿಯೂ ಎಷ್ಟೋ ಜನ ಪ್ರತಿ ಮಳೆಗಾಲದಂತೆ ಸೇತುವೆಯ ಮೇಲೆ ನಿಂತು ಹೊಳೆ ನೋಡಲು ಹೋದರು. ಸೇತುವೆಗಳು ಒಂದೊಂದಾಗಿ ಮುಳುಗಿದವು. ಪಾಣಿಪತದ ಸೋಲಿನ ವರ್ಷವಾದ 1761ರಲ್ಲಿ ಮರದಿಂದ ಕಟ್ಟಿಸಿದ್ದೆಂದು ಹೇಳುವ ಲಕಡಿ ಪೂಲಿನ ಜಾಗದ ಸೇತುವೆಯೂ ನೀರಿನಡಿ ಹೋಯಿತು. ನಾರಾಯಣ ಪೇಟೆ, ಶನಿವಾರ ಪೇಟೆ, ಕಸಬಾ, ಆಚೆ ದಂಡೆಯ ಡೆಕ್ಕನ್ ಜಿಮ್‌ಖಾನಾ, ಪುಲಾಚಿ ವಾಡಿ ಇವೆಲ್ಲ ಜಲಾವೃತವಾದವು. ಸೇತುವೆಗಳು ಹೋದ ಮೇಲೆ ಎರಡು ದಂಡೆಗಳ ಜನ ಎರಡು ದ್ವೀಪಗಳವರಂತಾದರು. ಸತ್ತವರ ಲೆಕ್ಕ ಇಂದಿಗೂ ಒಂದೇ ಆಗಿಲ್ಲ. ಸಾಮಾನ್ಯವಾಗಿ ಹೇಳುವ ಅಂದಾಜು ಸುಮಾರು ಒಂದು ಸಾವಿರ.

ಸತ್ತವರಿಗಿಂತ ಮನೆ ಕಳೆದುಕೊಂಡವರು ಬಹುಪಾಲು ಹೆಚ್ಚು. ಇದಕ್ಕೆ ಕಾರಣವನ್ನು ಪುಣೆಯ ವಾಡೆಗಳ ರಚನೆಯಲ್ಲಿಯೇ ಹುಡುಕಬೇಕು. ನಮ್ಮ ಉತ್ತರ ಕರ್ನಾಟಕದ ದೇಸಾಯರ ವಾಡೆಗಳನ್ನು ಕಂಡವರಿಗೆ ಇದು ಹೊಸದಲ್ಲ: ಕಲ್ಲಿನ ತಳಪಾಯ, ಸಾಗುವಾನಿಯ ಕಂಬ ತೊಲೆಗಳು, ನಡುವೆ ಇಟ್ಟಿಗೆಯ ಗೋಡೆ, ಮೇಲಂತಸ್ತಿಗೆ ಹೋದಂತೆ ಸುಡದ ಹಸಿ ಇಟ್ಟಿಗೆ, ಎಲ್ಲವನ್ನೂ ಹಿಡಿದಿಡುವ ಮಣ್ಣಿನ ಗಾರೆ. ಬಿಸಿಲಿಗೂ ಮಳೆಗೂ ತಲೆಮಾರುಗಟ್ಟಲೆ ನಿಲ್ಲುವ ಈ ಗೋಡೆ, ಗಂಟೆಗಟ್ಟಲೆ ನೀರಿನಲ್ಲಿ ನೆನೆದರೆ ಮತ್ತೆ ಮಣ್ಣೇ ಆಗುತ್ತದೆ. ಎಷ್ಟೋ ವಾಡೆಗಳು ಬಿದ್ದದ್ದು ನೀರಿನ ಹೊಡೆತಕ್ಕಲ್ಲ, ನೀರು ಇಳಿದ ಮೇಲೆ. ಒಂದು ವಾಡೆ ಬಿದ್ದರೆ ಬೀದಿಗೆ ಬರುತ್ತಿದ್ದುದು ಒಂದು ಕುಟುಂಬವಲ್ಲ. ಒಂದೇ ಅಂಗಳದ ಸುತ್ತ ಕೋಣೆಗಳನ್ನು ಹಂಚಿಕೊಂಡು ಬಾಡಿಗೆಗಿದ್ದ ಹತ್ತಾರು ಕುಟುಂಬಗಳು.

ಇಷ್ಟು ನೀರು ಹರಿದ ಊರಿಗೆ ಮರುದಿನ ಕುಡಿಯಲು ನೀರಿರಲಿಲ್ಲ. ನಲ್ಲಿಗೆ ನೀರು ಕೊಡುತ್ತಿದ್ದ ಕಟ್ಟೆಯೇ ಒಡೆದುಹೋಗಿತ್ತು. ಜನರಿಗೆ ಆಗ ನೆನಪಾದದ್ದು ಹಿತ್ತಲಿನ ಬಾವಿಗಳು, ಮತ್ತು ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜ್ ಕೆರೆಯಿಂದ ನೆಲದಡಿಯ ಕಾಲುವೆಯ ಮೂಲಕ ಪೇಟೆಗಳಿಗೆ ನೀರು ತರಿಸಿದ್ದ ಹಳೆಯ ತೊಟ್ಟಿಗಳು. ಹೊಸದು ಕೈಕೊಟ್ಟಾಗ ಹಳೆಯದು ಒದಗಿತು.

ಖಡಕ್‌ವಾಸ್ಲಾದ ಹೆಸರು ಬಂದಾಗ ಕನ್ನಡಿಗರಾದ ನಾವು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದ್ದ ಎಂ. ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಪ್ರವಾಹ ಬಾಗಿಲುಗಳನ್ನು ಮೊಟ್ಟಮೊದಲು ಅಳವಡಿಸಿದ್ದು ಇದೇ ಕಟ್ಟೆಗೆ, 1903ರಲ್ಲಿ. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿಯುವ, ಪ್ರವಾಹ ಮಿತಿ ಮೀರಿದಾಗ ತಾನಾಗಿ ತೆರೆದುಕೊಳ್ಳುವ ಉಪಾಯ ಅದು. ಆ ಕಟ್ಟೆ ಒಡೆದ ದಿನ ಅವರು ಬೆಂಗಳೂರಿನಲ್ಲಿ ಇನ್ನೂ ಬದುಕಿದ್ದರು. ಹಿಂದಿನ ವರ್ಷವಷ್ಟೇ ಅವರ ಜನ್ಮಶತಮಾನೋತ್ಸವ ನಡೆದಿತ್ತು, ಮುಂದಿನ ವರ್ಷ ತೀರಿಕೊಂಡರು. ಮೇಲಿನ ಕಟ್ಟೆಯೊಂದು ಒಮ್ಮೆಲೇ ಒಡೆದು ಬಂದ ನೀರನ್ನು ತಾಳಿಕೊಳ್ಳುವಂತೆ ಖಡಕ್‌ವಾಸ್ಲಾವನ್ನು ಯಾರೂ ಕಟ್ಟಿರಲಿಲ್ಲ.

ಇನ್ನು ಚೇತರಿಕೆಯ ಮಾತು. ರಾಜ್ಯ ಸರ್ಕಾರ ಪರಿಹಾರದ ಹೊಣೆಯನ್ನು ಸ.ಗೋ. ಬರ್ವೆ ಎಂಬ ಐಸಿಎಸ್ ಅಧಿಕಾರಿಗೆ ವಹಿಸಿತು. ಅವರು ಹಿಂದೆ ಪುಣೆಯಲ್ಲಿಯೇ ನಗರಪಾಲಿಕೆಯ ಆಯುಕ್ತರಾಗಿದ್ದು ಊರಿನ ಓಣಿ ಓಣಿ ಬಲ್ಲವರು. ಕೆಸರು ತೆಗೆಸುವುದು, ತಗಡಿನ ಅರ್ಧಚಂದ್ರಾಕಾರದ ನಿಸೆನ್ ಗುಡಿಸಲುಗಳನ್ನು ಎಬ್ಬಿಸುವುದು, ಊರ ಹೊರಗೆ ಜಮೀನು ಗುರುತಿಸಿ ವಸಾಹತುಗಳನ್ನು ಕಟ್ಟುವುದು ಇವೆಲ್ಲ ಬೇಗ ಬೇಗ ನಡೆದವು. ಅವರ ಕೆಲಸಕ್ಕೆ ಊರು ಕೊಟ್ಟ ಉತ್ತರವನ್ನು 1962ರ ಚುನಾವಣೆಯಲ್ಲಿ ಕಾಣಬಹುದು: ಸರ್ಕಾರಿ ಸೇವೆಯನ್ನು ಬಿಟ್ಟು ನಿಂತ ಅವರನ್ನು ಪುಣೆಯ ಶಿವಾಜಿನಗರ ಕ್ಷೇತ್ರ ವಿಧಾನಸಭೆಗೆ ಆರಿಸಿ ಕಳಿಸಿತು.

ಸಹಕಾರನಗರ, ಗೋಖಲೆನಗರ, ಲೋಕಮಾನ್ಯನಗರ ಮೊದಲಾದ ಬಡಾವಣೆಗಳು ಈ ನೆರೆಯ ಮಕ್ಕಳು. ವಾಡೆಯ ಒಂದೆರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಗುಮಾಸ್ತ, ಶಿಕ್ಷಕ, ಸಣ್ಣ ವ್ಯಾಪಾರಿಗಳು ಸಹಕಾರ ಸಂಘ ಕಟ್ಟಿಕೊಂಡು ತಮ್ಮದೇ ಮನೆ ಕಂಡರು. ಎಲ್ಲವನ್ನೂ ಕಳೆದುಕೊಂಡವರಲ್ಲಿ ಒಂದು ವರ್ಗ ಹೀಗೆ ಒಂದು ಮೆಟ್ಟಿಲು ಮೇಲೇರಿತು. ಆದರೆ ಎಲ್ಲರೂ ಏರಲಿಲ್ಲ. ಸಂಘಕ್ಕೆ ಕಟ್ಟಲು ಹಣವಿಲ್ಲದವರಿಗೆ ತಾತ್ಕಾಲಿಕ ಗುಡಿಸಲುಗಳೇ ವರ್ಷಗಟ್ಟಲೆ ಮನೆಯಾದವು. ಪರ್ವತಿ ಗುಡ್ಡದ ಇಳಿಜಾರಿನ ಜನತಾ ವಸಾಹತಿನಂತಹ ದಟ್ಟ ಕೇರಿಗಳ ಬೆಳವಣಿಗೆಯಲ್ಲಿಯೂ ಆ ದಿನದ ಪಾಲಿದೆ. ಮನೆ ಪಡೆದವರಿಗೂ ನೆಲ ದಕ್ಕಿದ್ದು ಗುತ್ತಿಗೆಯ ಮೇಲೆ. ಅದರ ಪೂರ್ಣ ಒಡೆತನಕ್ಕಾಗಿ ಸಂಘಗಳು ದಶಕಗಳ ಕಾಲ ಅರ್ಜಿ ಬರೆದವು. ‘ಪೂರಗ್ರಸ್ತ’ ಎಂಬ ಮರಾಠಿ ಮಾತು, ಎಂದರೆ ನೆರೆ ಸಂತ್ರಸ್ತ, ನೀರನ್ನೇ ಕಾಣದ ಮೊಮ್ಮಕ್ಕಳ ಕಾಗದಪತ್ರಗಳಲ್ಲಿಯೂ ಉಳಿಯಿತು.

ಊರುಗಳು ನೀರಿನಿಂದ ಚೇತರಿಸಿಕೊಳ್ಳುವ ಬಗೆ ಒಂದೇ ಅಲ್ಲ. ಅಮೆರಿಕದ ಟೆಕ್ಸಸ್ ಕರಾವಳಿಯ ಗ್ಯಾಲ್ವೆಸ್ಟನ್ ಎಂಬ ದ್ವೀಪನಗರವನ್ನು 1900ರ ಸೆಪ್ಟೆಂಬರಿನಲ್ಲಿ ಚಂಡಮಾರುತ ಬಡಿದು ಕನಿಷ್ಠ ಆರು ಸಾವಿರ ಜನ ಸತ್ತರು. ಉಳಿದವರು ಕಡಲಿಗೆ ಗೋಡೆ ಕಟ್ಟಿದರು. ಮನೆಗಳನ್ನು ಜಾಕಿನ ಮೇಲೆ ಎತ್ತಿ, ಅಡಿಗೆ ಮರಳು ತುಂಬಿ, ಊರಿನ ನೆಲವನ್ನೇ ಎತ್ತರಿಸಿದರು. 1915ರಲ್ಲಿ ಮತ್ತೊಂದು ಚಂಡಮಾರುತ ಬಂದಾಗ ಆ ಗೋಡೆ ಊರನ್ನು ಕಾಯಿತು. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನೇ. ಊರಿನ ಮೇಲ್ಭಾಗದಲ್ಲಿ ನೆರೆಯನ್ನು ಹಿಡಿದು ನಿಲ್ಲಿಸುವ ಜಲಾಶಯಗಳು ಬೇಕೆಂದು ಅವರು ಸೂಚಿಸಿದರು. ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳು ಅದರ ಫಲ. ಈ ಎರಡೂ ಊರುಗಳು ನೀರು ಮತ್ತೆ ಬರುತ್ತದೆ ಎಂದು ಒಪ್ಪಿಕೊಂಡು ಕಟ್ಟಿದವು.

ಪುಣೆ ಬೇರೆ ದಾರಿ ಹಿಡಿಯಿತು. ಕಟ್ಟೆಗಳನ್ನು ಮತ್ತೆ ಕಟ್ಟಲಾಯಿತು. ಪಾನ್‌ಶೇತಿನ ಹೊಸ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡಿತು. ಜನ ಮಾತ್ರ ನದಿಯಿಂದ ದೂರ ಸರಿದರು, ಊರು ನದಿಗೆ ಬೆನ್ನು ತಿರುಗಿಸಿ ಬೆಳೆಯಿತು. ತಪ್ಪು ಯಾರದು ಎಂಬ ವಿಚಾರಣೆಗೂ ನೆಟ್ಟನೆಯ ಹಾದಿ ಸಿಗಲಿಲ್ಲ. ಆಯೋಗದ ಹೊಣೆ ಹೊತ್ತಿದ್ದ ನ್ಯಾಯಮೂರ್ತಿ ಬಾವಡೇಕರ್ ನಡುವೆಯೇ ನಿಧನರಾದರು. ಕೆಲಸವನ್ನು ನ್ಯಾಯಮೂರ್ತಿ ನಾಯಕ್ ಮುಂದುವರಿಸಿದರು. ವರದಿ ಬರುವಷ್ಟರಲ್ಲಿ ಪೇಟೆಗಳಲ್ಲಿ ಬಿದ್ದ ವಾಡೆಗಳ ಜಾಗದಲ್ಲಿ ಕಾಂಕ್ರೀಟಿನ ಕಟ್ಟಡಗಳು ಏಳತೊಡಗಿದ್ದವು.

ಬೆನ್ನು ತಿರುಗಿಸಿದ ಊರು ಕೆಲವು ದಶಕಗಳಲ್ಲಿ ಮತ್ತೆ ನದಿಯ ಬಳಿಗೆ ಬಂತು, ಈ ಬಾರಿ ಅದರ ಪಾತ್ರವನ್ನೇ ನಿವೇಶನವೆಂದು ಬಗೆದು. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ ಗೆರೆ, ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ಕೆಂಪು ಗೆರೆ ಎಂದು ನೀರಾವರಿ ಇಲಾಖೆಯ ನಕ್ಷೆಗಳಲ್ಲಿ ಗುರುತಿದೆ. ಮನೆ ಕೊಳ್ಳುವಾಗ ನಾವು ಎಷ್ಟು ಜನ ಆ ನಕ್ಷೆಯನ್ನು ಕೇಳಿ ನೋಡಿದ್ದೇವೆ? 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಗುಡ್ಡದಿಂದ ಇಳಿಯುವ ಅಂಬಿಲ್ ಹಳ್ಳ ಉಕ್ಕಿ ಅರಣ್ಯೇಶ್ವರದ ಸುತ್ತ ಜೀವಗಳು ಹೋದವು. ಅದು ಸಹಕಾರನಗರದ ನೆರೆಹೊರೆ. 1961ರ ಸಂತ್ರಸ್ತರನ್ನು ನದಿಯಿಂದ ದೂರವೆಂದು ಕರೆತಂದ ಜಾಗ. 2024ರ ಜುಲೈ 25ರಂದು ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನೀರು ನುಗ್ಗಿತು. ಎಚ್ಚರಿಕೆ ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂಬ ನಿವಾಸಿಗಳ ದೂರು ಅರವತ್ತಮೂರು ವರ್ಷ ಹಳೆಯದೆಂದು ನಮಗೆ ಅನ್ನಿಸಿತು.

ಪೇಟೆಯ ಕೆಲವು ಹಳೆಯ ಗೋಡೆಗಳ ಮೇಲೆ ಆ ದಿನ ನೀರು ಮುಟ್ಟಿದ ಎತ್ತರವನ್ನು ಗೆರೆ ಎಳೆದು, ತಾರೀಖು ಬರೆದು ಗುರುತಿಸಿದ್ದಾರೆ. ನಿಂತು ಓದುವವನ ತಲೆಗಿಂತ ಮೇಲಿರುವ ಗೆರೆ. ಗೋಡೆ ಬಿದ್ದು ಹೊಸ ಕಟ್ಟಡ ಬಂದಾಗ ಗೆರೆಯೂ ಹೋಗುತ್ತದೆ. ಹೊಸ ಗೋಡೆಯ ಮೇಲೆ ಅದನ್ನು ಮತ್ತೆ ಎಳೆಯಬೇಕೆಂಬ ನಿಯಮವೊಂದಿದ್ದರೆ ಅದೂ ಪುನರ್ವಸತಿಯ ಒಂದು ಭಾಗವಾಗುತ್ತಿತ್ತು ಎಂಬುದು ನಮ್ಮ ಅನಿಸಿಕೆ.

ಮುಠೆಯ ನೀರು ಇಲ್ಲಿಗೇ ನಿಲ್ಲುವುದಿಲ್ಲ. ಮುಳಾ ಮುಠಾ ಒಂದಾಗಿ ಭೀಮೆಯನ್ನು ಸೇರಿ, ಪಂಢರಪುರವನ್ನು ದಾಟಿ, ಗಾಣಗಾಪುರದ ಮೆಟ್ಟಿಲುಗಳನ್ನು ತೊಳೆದು, ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತವೆ. ಪುಣೆಯ ಮೇಲಿನ ಕಟ್ಟೆಗಳ ಬಾಗಿಲು ತೆರೆದ ಸುದ್ದಿಯನ್ನು ಕಲಬುರಗಿಯ ಭೀಮಾತೀರದ ಹಳ್ಳಿಗಳು ಇಂದಿಗೂ ಕಿವಿಗೊಟ್ಟು ಕೇಳುತ್ತವೆ. ನಾವು ಬಿಟ್ಟು ಬಂದ ನಾಡೂ, ಬಂದು ಸೇರಿದ ಊರೂ ಇರುವುದು ಒಂದೇ ಹೊಳೆಯ ದಂಡೆಯ ಮೇಲೆ.