ಸುಲ್ತಾನಾ: ಒಂದು ಹಡಗಿನ ಕೊನೆಯ ಫೋಟೋ

ಒಂದು ಹಳೇ ಕಪ್ಪು-ಬಿಳುಪು ಫೋಟೋ. ಅಗಲವಾದ ನದಿ, ದಡದಲ್ಲಿ ನಿಂತಿರೋ ಪ್ಯಾಡಲ್ ಸ್ಟೀಮರ್. ಎತ್ತರದ ಎರಡು ಹೊಗೆಕೊಳವೆ. ಪಕ್ಕದಲ್ಲಿ ನೀರು ತಳ್ಳುವ ದೊಡ್ಡ ಚಕ್ರದ ಗೂಡು. ಇಷ್ಟೇ ಆಗಿದ್ದರೆ ಒಮ್ಮೆ ನೋಡಿ ಮುಂದೆ ಹೋಗಬಹುದಿತ್ತು. ಆದ್ರೆ ಸ್ವಲ್ಪ ಹತ್ತಿರದಿಂದ ನೋಡಿ. ಡೆಕ್ ಕಾಣೋದೇ ಇಲ್ಲ. ಬರೀ ಜನ. ಚಾವಣಿ ಮೇಲೂ ಜನ!

ದಿನಾಂಕ 1865ರ ಏಪ್ರಿಲ್ 26. ಜಾಗ ಅಮೆರಿಕದ ಹೆಲೆನಾ, ಮಿಸಿಸಿಪ್ಪಿ ನದಿಯ ದಂಡೆ. ಹಡಗಿನ ಹೆಸರು ಸುಲ್ತಾನಾ.

ಯಾರು ಈ ಜನ? ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕೈಗೆ ಸಿಕ್ಕಿ, ಆಂಡರ್ಸನ್‌ವಿಲ್, ಕಹಾಬಾ ಸೆರೆಶಿಬಿರಗಳಲ್ಲಿ ಹಸಿವಿನಿಂದ ಬಡಕಲಾಗಿದ್ದ ಉತ್ತರದ ಸೈನಿಕರು. ಯುದ್ಧ ಬಹುತೇಕ ಮುಗಿದಿತ್ತು. ಮನೆಗೆ ಹೊರಟಿದ್ದರು. ಕ್ಯಾಮೆರಾ ಕಂಡದ್ದೇ ತಡ, ಫೋಟೋದಲ್ಲಿ ಬೀಳೋಣ ಅಂತ ಎಲ್ಲರೂ ಒಂದೇ ಕಡೆ ನುಗ್ಗಿದರು. ಹಡಗು ವಾಲಿ ಮಗುಚುವುದೊಂದು ಬಾಕಿ.

ಹಡಗಿಗೆ ಅನುಮತಿ ಇದ್ದದ್ದು 376 ಜನಕ್ಕೆ. ಹತ್ತಿಸಿದ್ದು 2,000ಕ್ಕೂ ಹೆಚ್ಚು! ಯಾಕೆ? ದುಡ್ಡು ಸ್ವಾಮಿ, ದುಡ್ಡು. ಒಬ್ಬೊಬ್ಬ ಸೈನಿಕನನ್ನು ಸಾಗಿಸಿದ್ದಕ್ಕೂ ಸರ್ಕಾರ ತಲೆಗಿಷ್ಟು ಅಂತ ಕೊಡುತ್ತಿತ್ತು, ಅಧಿಕಾರಿಗಾದರೆ ಇನ್ನೂ ಹೆಚ್ಚು. ಈ ಬಾಡಿಗೆಯಲ್ಲಿ ಸೇನೆಯ ಅಧಿಕಾರಿಗಳಿಗೂ ಪಾಲಿತ್ತು ಅನ್ನೋ ಆರೋಪ ಇದೆ. ವಿಕ್ಸ್‌ಬರ್ಗ್‌ನಲ್ಲಿ ಬೇರೆ ಹಡಗುಗಳೂ ಇದ್ದವು. ಆದರೂ ಎಲ್ಲರನ್ನೂ ಇದೊಂದಕ್ಕೇ ತುಂಬಿದರು.

ಇನ್ನೊಂದು ವಿಷಯ ಕೇಳಿ. ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಸೋರುತ್ತಿತ್ತು. ಸರಿಯಾಗಿ ರಿಪೇರಿ ಮಾಡೋಕೆ ದಿನಗಳೇ ಬೇಕು ಅಂದ ಮೆಕ್ಯಾನಿಕ್. ಅಷ್ಟು ಕಾದರೆ ಬಾಡಿಗೆ ಬೇರೆಯವರ ಪಾಲು! ತೇಪೆ ಹಾಕಿಸಿ ಹೊರಟೇಬಿಟ್ಟ ಕ್ಯಾಪ್ಟನ್ ಮೇಸನ್.

ಫೋಟೋ ತೆಗೆದ ಮರುದಿನ, ಏಪ್ರಿಲ್ 27ರ ನಸುಕಿನ ಸುಮಾರು 2 ಗಂಟೆ. ಮೆಂಫಿಸ್‌ ದಾಟಿ ಕೆಲವು ಮೈಲಿ ಹೋಗಿತ್ತಷ್ಟೇ. ಬಾಯ್ಲರ್‌ಗಳು ಸಿಡಿದವು. ಮೇಲೆ ಬೆಂಕಿ, ಕೆಳಗೆ ಪ್ರವಾಹ ಬಂದು ಉಕ್ಕುತ್ತಿದ್ದ ಕೊರೆಯುವ ನೀರು. ಸೆರೆಯಲ್ಲಿ ಸಾಯದೆ ಉಳಿದವರು ಮನೆ ದಾರಿಯಲ್ಲಿ ಸತ್ತರು. ಸತ್ತವರು 1,100ಕ್ಕೂ ಹೆಚ್ಚು ಅಂತ ಕೆಲವರ ಲೆಕ್ಕ, 1,800 ಅಂತ ಕೆಲವರದ್ದು. ಕ್ಯಾಪ್ಟನ್ನೂ ಉಳಿಯಲಿಲ್ಲ.

ಟೈಟಾನಿಕ್ ನಮ್ಮ ಮನೆ ಮಕ್ಕಳಿಗೂ ಗೊತ್ತು. ಸುಲ್ತಾನಾ ಯಾಕೆ ಗೊತ್ತಿಲ್ಲ? ಇಲ್ಲಿ ಸುದ್ದಿಮನೆಯವನಾಗಿ ನಾನು ತಲೆ ತಗ್ಗಿಸಬೇಕು. ಏಪ್ರಿಲ್ 14ರ ರಾತ್ರಿ ಲಿಂಕನ್‌ಗೆ ಗುಂಡು ಬಿದ್ದಿತ್ತು. ಏಪ್ರಿಲ್ 26ರಂದು, ಈ ಫೋಟೋ ತೆಗೆದ ದಿನವೇ, ಹಂತಕ ಬೂತ್ ಸತ್ತ. ಪತ್ರಿಕೆಗಳ ಮುಖಪುಟ ತುಂಬಿಹೋಗಿತ್ತು. ಸಾವಿರಾರು ಬಡ ಸೈನಿಕರು ಒಳಪುಟಕ್ಕೆ ಸರಿದರು.

ಶಿಕ್ಷೆ? ಒಬ್ಬ ಅಧಿಕಾರಿ ತಪ್ಪಿತಸ್ಥ ಅಂತ ಸೇನಾ ನ್ಯಾಯಾಲಯ ಹೇಳಿತು. ಆಮೇಲೆ ಅದೂ ರದ್ದಾಯಿತು. ಕೊನೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ.

ಇವತ್ತಿಗೂ ಎಲ್ಲೋ ಒಂದು ದೋಣಿ ಮಗುಚುತ್ತೆ. ಮಿತಿಗಿಂತ ಹೆಚ್ಚು ಜನ ಇದ್ದರು ಅಂತ ನಾವು ಬ್ರೇಕಿಂಗ್ ನ್ಯೂಸ್ ಓದ್ತೀವಿ. ಸಂಜೆಗೆ ಇನ್ನೊಂದು ಸುದ್ದಿ ಬರುತ್ತೆ. ಆಗೆಲ್ಲ ನನಗೆ ಹೆಲೆನಾದ ಆ ಫೋಟೋ ನೆನಪಾಗುತ್ತೆ. ಹಡಗು ತುಂಬಿ ತುಳುಕುತ್ತಿದೆ ಅಂತ ಅವತ್ತು ದಡದಲ್ಲಿ ನಿಂತಿದ್ದ ಎಲ್ಲರಿಗೂ ಕಾಣುತ್ತಿತ್ತು. ಒಬ್ಬರಾದರೂ ತಡೆಯಬಹುದಿತ್ತು, ಅಲ್ವಾ?