ದಂಡಿನ ಹಿತ್ತಿಲು

ಬೆಂಗಳೂರಿನ ದಂಡು ಪ್ರದೇಶವನ್ನು ವರ್ಣಿಸಿದವರಲ್ಲಿ ಬಹುಮಂದಿ ಬಂಗಲೆಯ ಮುಂಭಾಗದಲ್ಲಿಯೇ ನಿಂತುಬಿಟ್ಟಿದ್ದಾರೆ. ಗೇಟಿನಿಂದ ಮೊಗಸಾಲೆಯವರೆಗೆ ಹಾಸಿದ ಜಲ್ಲಿಯ ದಾರಿ, ಅದರ ಇಕ್ಕೆಲಗಳಲ್ಲಿ ಸಾಲುಗೊಂಡ ಹೂಕುಂಡಗಳು, ಕಿಟಕಿಯ ಮೇಲಣ ಮರದ ಕೆತ್ತನೆಯ ಮಂಕಿ ಟಾಪ್, ಕತ್ತರಿಸಿದ ಹುಲ್ಲಿನ ಹಾಸು, ಇವುಗಳ ವರ್ಣನೆಗೆ ಯಾವ ಕೊರತೆಯೂ ಇಲ್ಲ. 1896ರಲ್ಲಿ ನಾಲ್ಕನೆಯ ಹುಸ್ಸಾರ್ ಪಡೆಯ ಅಧಿಕಾರಿಯಾಗಿ ಇಲ್ಲಿಗೆ ಬಂದಿಳಿದ ವಿನ್‌ಸ್ಟನ್ ಚರ್ಚಿಲ್ ತನ್ನ ಗುಲಾಬಿಗಳನ್ನು ಕುರಿತು ಅಭಿಮಾನದಿಂದ ಬರೆದದ್ದುಂಟು. ಆದರೆ ಅದೇ ಬಂಗಲೆಯ ಮೇಜಿಗೆ ಬೆಳಗಿನ ಮೊಟ್ಟೆ ಯಾವ ಗೂಡಿನಿಂದ ಬರುತ್ತಿತ್ತು, ಕೋಸಿನ ಮಡಿಗೆ ನೀರು ಹಾಯಿಸುತ್ತಿದ್ದವರು ಯಾರು ಎಂಬುದರ ಗೊಡವೆಗೆ ಆತನು ಹೋಗಲಿಲ್ಲ. ಆತನನ್ನು ದೂರುವಂತೆಯೂ ಇಲ್ಲ. ಇಪ್ಪತ್ತೆರಡು ತುಂಬದ ವಯಸ್ಸಿನಲ್ಲಿ ಹಿತ್ತಿಲಿನ ಕಡೆಗೆ ಕಣ್ಣು ಹಾಯಿಸುವವರು ಎಲ್ಲಿಯೂ ವಿರಳ. ಆದರೂ ದಂಡಿನ ಬದುಕು ನಡೆದದ್ದು ಹಿತ್ತಿಲಿನಿಂದ ಎಂದೂ, ಆ ಹಿತ್ತಿಲನ್ನು ರೂಪಿಸಿದವರು ಬಂಗಲೆಯ ಯಜಮಾನರಿಗಿಂತ ಹೆಚ್ಚಾಗಿ ಅದರ ಹಿಂಬದಿಯಲ್ಲಿ ವಾಸಿಸುತ್ತಿದ್ದ ಜನವೆಂದೂ ನನ್ನ ಅಭಿಪ್ರಾಯ.

ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಸೈನ್ಯವು ಅಲ್ಲಿಯ ಜ್ವರಬಾಧೆಯನ್ನು ತಾಳಲಾರದೆ ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿಗೆ ಸ್ಥಳಾಂತರಗೊಂಡು, 1809ರಲ್ಲಿ ಹಲಸೂರಿನ ಆಸುಪಾಸಿನ ಬಯಲಿನಲ್ಲಿ ದಂಡು ನೆಲೆಗೊಂಡಿತು. ಆ ನೆಲವೇನೂ ತೋಟಗಾರಿಕೆಯನ್ನು ಅರಿಯದ ನೆಲವಾಗಿರಲಿಲ್ಲ. ಅದಕ್ಕೆ ಒಂಬತ್ತು ವರ್ಷ ಮೊದಲು, 1800ರಲ್ಲಿ, ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್, ಹೈದರ್ ಮತ್ತು ಟಿಪ್ಪುವಿನ ತೋಟಗಳು ಚೌಕ ಚೌಕವಾಗಿ ವಿಭಾಗಗೊಂಡಿದ್ದುದನ್ನೂ, ನಡುವಣ ದಾರಿಗಳ ಅಂಚಿನಲ್ಲಿ ಸೈಪ್ರೆಸ್ ಮರಗಳಿದ್ದುದನ್ನೂ, ಚೌಕಗಳಲ್ಲಿ ಹಣ್ಣಿನ ಮರಗಳೂ ಅಡುಗೆಯ ತರಕಾರಿಗಳೂ ಜಾತಿಗೊಂದು ತುಂಡು ನೆಲದಂತೆ ಬೆಳೆದಿದ್ದುದನ್ನೂ ಬರೆದಿಟ್ಟಿದ್ದಾನೆ. ಕೆರೆಯ ಕೆಳಗೆ, ಬಾವಿಯ ಪಕ್ಕದಲ್ಲಿ, ಏತ ಕಪಿಲೆಗಳ ಆಶ್ರಯದಲ್ಲಿ ಸೊಪ್ಪು ತರಕಾರಿ ಬೆಳೆಯುತ್ತ ಬಂದ ತಿಗಳರ ಕೌಶಲವಂತೂ ಊರಿಗೇ ಪ್ರಸಿದ್ಧ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗವನ್ನು ಹೊರುವವರು ಇದೇ ತೋಟಗಾರ ಜನಾಂಗದವರು ಎಂಬುದನ್ನು ನೆನೆದರೆ, ವಸಂತಕ್ಕೂ ತರಕಾರಿ ಮಡಿಗೂ ಈ ಊರಿನಲ್ಲಿರುವ ನಂಟು ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಇಂಗ್ಲೆಂಡಿನಿಂದ ಬಂದವರು ತಮ್ಮೊಡನೆ ಎಲೆಕೋಸು, ಹೂಕೋಸು, ಗಜ್ಜರಿ, ಬೀಟ್‌ರೂಟು, ಬಟಾಣಿಗಳ ಬೀಜವನ್ನೂ ತಂದರು, ಬೀಜದೊಡನೆ ತಮ್ಮ ಪಂಚಾಂಗವನ್ನೂ ತಂದರು. ಆ ಪಂಚಾಂಗದ ಪ್ರಕಾರ ಹಿಮ ಕರಗಿದ ಮಾರ್ಚಿ ತಿಂಗಳು ಬಿತ್ತನೆಯ ಶುಭಮುಹೂರ್ತ. ಬೆಂಗಳೂರಿನಲ್ಲಾದರೋ ಮಾರ್ಚಿ ಎಂದರೆ ಕೆರೆಯ ಅಂಗಳ ಬಿರಿಯುವ, ಬಾವಿಯ ಹಗ್ಗ ನಾಲ್ಕು ಮೊಳ ಹೆಚ್ಚು ಬೇಡುವ ಕಾಲ. ಆಗ ಹೂಕೋಸು ಹಾಕಿದರೆ ಗೆಡ್ಡೆಗಟ್ಟುವ ಮೊದಲೇ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಈ ನೆಲದ ಮಾಲಿಗೆ ಇದು ತಿಳಿದ ವಿಷಯ. ಶ್ರಾವಣ ಭಾದ್ರಪದಗಳಲ್ಲಿ ಒಟ್ಟಲು ಬಿಟ್ಟು, ಸಸಿಯನ್ನು ಕಿತ್ತು ನೆಟ್ಟು, ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಸೀಮೆ ತರಕಾರಿಯನ್ನು ಕೊಯ್ದು, ಶಿವರಾತ್ರಿಯ ವೇಳೆಗೆ ಮಡಿಯನ್ನು ಬರಿದುಮಾಡಿ, ಅಗೆದು, ಗೊಬ್ಬರ ಹರಡಿ, ಯುಗಾದಿಯ ಎಡಬಲದಲ್ಲಿ ಅದೇ ಮಣ್ಣಿಗೆ ಹೀರೆ, ಪಡುವಲ, ಸೋರೆ, ಹಾಗಲ, ಬೆಂಡೆಗಳನ್ನು ಊರಿ, ಪಾತ್ರೆ ತೊಳೆದ ನೀರನ್ನೂ ಸ್ನಾನದ ನೀರನ್ನೂ ಕಾಲುವೆಯಲ್ಲಿ ತಿರುಗಿಸಿ ಬಳ್ಳಿಯನ್ನು ಜೀವದಿಂದಿರಿಸಿದರೆ, ಏಪ್ರಿಲಿನ ಮಾವಿನ ಮಳೆ ಬಿದ್ದೊಡನೆ ಅದು ಚಪ್ಪರವನ್ನೇರಿಬಿಡುತ್ತದೆ. ಹೀಗೆ ಸಾಹೇಬರ ತರಕಾರಿಗೆ ಚಳಿಗಾಲವೂ ಊರ ತರಕಾರಿಗೆ ವಸಂತವೂ ಪಾಲಿಗೆ ಬಂದು, ಒಂದೇ ಮಡಿಯಲ್ಲಿ ಎರಡು ಪಂಚಾಂಗಗಳು ಒಂದರ ಬೆನ್ನಿಗೊಂದು ಹೊಂದಿಕೊಂಡವು.

ಬಂಗಲೆಯ ಅಡುಗೆಮನೆ, ಹೊಗೆಯ ಮತ್ತು ಬೆಂಕಿಯ ಭಯದಿಂದ, ಮನೆಯಿಂದ ಬೇರ್ಪಟ್ಟು ಹಿಂದೆ ಇರುತ್ತಿತ್ತು. ಅದರಾಚೆ ಬಾವಿ, ಕುದುರೆ ಲಾಯ, ಆಳುಗಳ ಸಾಲುಮನೆ. ಕೋಳಿಗಳ ರಾಜ್ಯವೂ ಅದೇ. ಫ್ಲೋರಾ ಆ್ಯನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಎಂಬಿಬ್ಬರು ಮಹಿಳೆಯರು 1888ರಲ್ಲಿ ಪ್ರಕಟಿಸಿದ ಗೃಹನಿರ್ವಹಣೆಯ ಪ್ರಖ್ಯಾತ ಗ್ರಂಥದಲ್ಲಿ ಇಂಡಿಯಾಕ್ಕೆ ಬಂದ ಮೇಮುಗಳಿಗೆ ತೋಟದ ಪಾಠದೊಡನೆ ಕೋಳಿ ಸಾಕಣೆಯ ಪಾಠವನ್ನೂ ಹೇಳಿದ್ದಾರೆ. ಆದರೆ ಕಾವಿಗೆ ಕೂತ ಹೇಂಟೆಯ ಮುನಿಸನ್ನು ಬಲ್ಲವಳು ಪುಸ್ತಕ ಓದಿದ ಮೇಮಲ್ಲ, ಸಾಲುಮನೆಯ ಹೆಂಗಸು. ಹಳೆಯ ಕುಕ್ಕೆಯೊಂದಕ್ಕೆ ಮರಳೋ ಹೊಟ್ಟೋ ತುಂಬಿ, ನಡುವೆ ಅಂಗೈಯಿಂದ ತಗ್ಗುಮಾಡಿ, ದೀಪದ ಬೆಳಕಿಗೆ ಹಿಡಿದು ನೋಡಿದ ಮೊಟ್ಟೆಗಳನ್ನು ಬೆಸ ಸಂಖ್ಯೆಯಲ್ಲಿ ಜೋಡಿಸಿ, ಗುಡುಗಿಗೆ ಕೆಡದಿರಲೆಂದು ಇದ್ದಿಲಿನ ಒಂದು ಚೂರನ್ನೋ ಕಬ್ಬಿಣದ ಮೊಳೆಯನ್ನೋ ಬದಿಗಿಟ್ಟು, ಸಂಜೆಗತ್ತಲಲ್ಲಿ ಹೇಂಟೆಯನ್ನು ಮೆಲ್ಲನೆ ಕೂರಿಸಿದರೆ ಇಪ್ಪತ್ತೊಂದನೆಯ ದಿನಕ್ಕೆ ಮರಿ ಚಿಪ್ಪನ್ನು ಕುಟ್ಟುತ್ತದೆ. ಮಳೆಗಾಲದ ಥಂಡಿಯಲ್ಲಿ ಮರಿ ಉಳಿಯುವುದು ದುಸ್ತರವಾದುದರಿಂದ ಒಣಹವೆಯ ತಿಂಗಳುಗಳನ್ನೇ ಆರಿಸಿಕೊಳ್ಳುತ್ತಿದ್ದರು. ಹಗಲು ಹದ್ದು, ಮುಂಗುಸಿ, ರಾತ್ರಿ ಹೆಗ್ಗಣ. ಮಂಕರಿಯನ್ನು ಕವುಚಿ ಮೇಲೆ ಕಲ್ಲು ಹೇರದೆ ಮಲಗುವಂತಿರಲಿಲ್ಲ.

ತೋಟಕ್ಕೂ ಕೋಳಿಗೂ ಇದ್ದ ಸಂಬಂಧ ಅತ್ತೆ ಸೊಸೆಯರದು. ಕೋಳಿಯ ಹಿಕ್ಕೆಯಿಲ್ಲದೆ ಮಡಿಗೆ ಕಸುವಿಲ್ಲ. ಆದರೂ ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆಂದು ಬೂದಿಯೊಡನೆ ಗುಂಡಿಯಲ್ಲಿ ಕೊಳೆಯಿಸಿ ತಿಂಗಳುಗಟ್ಟಲೆ ಕಾಯಬೇಕು. ಹುಳುಹುಪ್ಪಟೆಗಳನ್ನು ಹೆಕ್ಕಲು ಕೋಳಿ ಬೇಕು; ಹೊಸ ಒಟ್ಟಲಿಗೆ ಅದು ಕಾಲಿಟ್ಟರೆ ಒಂದು ಗಳಿಗೆಯಲ್ಲಿ ಹದಿನೈದು ದಿನದ ಶ್ರಮ ಕೆದರಿ ಹೋಗುತ್ತದೆ. ಆದಕಾರಣ ಯುಗಾದಿಯ ಬೀಜ ಮೊಳೆತು ನಾಲ್ಕೆಲೆ ಬಿಡುವವರೆಗೆ ಮಡಿಯ ಸುತ್ತ ಮುಳ್ಳು ಸೇರಿಸುವುದು ರೂಢಿಯಾಗಿತ್ತು. ಈ ವ್ಯಾಜ್ಯವನ್ನು ಚೆನ್ನಾಗಿ ಬಗೆಹರಿಸಿದ ಗಿಡ ಸೀಮೆಬದನೆ. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನ್ ಇದನ್ನು ಇಲ್ಲಿ ಬೇರೂರಿಸಿದನೆಂದು ಪ್ರತೀತಿ. ಬೀಜವನ್ನು ಬೇರ್ಪಡಿಸುವ ಗೋಜಿಲ್ಲದೆ, ತುದಿಯಲ್ಲಿ ಮೊಳಕೆ ಇಣುಕಿದ ಇಡೀ ಕಾಯನ್ನೇ ಅರ್ಧ ಹೂತರೆ ಸಾಕು. ಬಳ್ಳಿ ಕೋಳಿಗೂಡಿನ ಮಾಡನ್ನು ಹತ್ತಿ, ಕೆಳಗಿನ ಹಕ್ಕಿಗೆ ನೆರಳನ್ನೂ ಮೇಲಿನ ಒಡೆಯನಿಗೆ ಕಾಯನ್ನೂ ಕೊಡುತ್ತದೆ, ಕೆದರುವ ಕಾಲಿಗೆ ಮಾತ್ರ ಎಟುಕುವುದಿಲ್ಲ. ಮದರಾಸಿನವರು ಇಂದಿಗೂ ಅದನ್ನು ಬೆಂಗಳೂರಿನ ಬದನೆಯೆಂದೇ ಕರೆಯುತ್ತಾರೆ. 1864ರಲ್ಲಿ ಮದರಾಸಿನ ರೈಲು ದಂಡಿನ ನಿಲ್ದಾಣವನ್ನು ಮುಟ್ಟಿದ್ದರ ಫಲವೂ ಇದರಲ್ಲಿ ಸೇರಿರಬೇಕು.

ಹಿತ್ತಿಲನ್ನೇ ಜೀವನೋಪಾಯವನ್ನಾಗಿ ಮಾಡಲು ಹೊರಟ ಪ್ರಯತ್ನವೊಂದು ಕೃಷ್ಣರಾಜಪುರದ ಆಚೆಗೆ ನಡೆಯಿತು. ಮದರಾಸಿನ ಡಿ. ಎಸ್. ವೈಟ್ ಅವರ ನೇತೃತ್ವದ ಯುರೇಷಿಯನ್ ಹಾಗೂ ಆಂಗ್ಲೋ ಇಂಡಿಯನ್ ಸಂಘಕ್ಕೆ ಶ್ರೀ ಚಾಮರಾಜೇಂದ್ರ ಒಡೆಯರು 1882ರಲ್ಲಿ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ವೈಟ್‌ಫೀಲ್ಡ್ ಎಂಬ ಊರು ಹುಟ್ಟಿದ್ದು ಹೀಗೆ. ಸರ್ಕಾರಿ ಕಛೇರಿಗಳ ಬಾಗಿಲು ಕಾಯುವುದನ್ನು ಬಿಟ್ಟು ಆಂಗ್ಲೋ ಇಂಡಿಯನ್ ಜನಾಂಗ ನೆಲವನ್ನು ಉತ್ತು ಸ್ವತಂತ್ರವಾಗಲಿ ಎಂಬುದು ಉದ್ದೇಶ. ಆಶಯವು ಉದಾತ್ತವಾಗಿದ್ದರೂ ಲೇಖನಿ ಹಿಡಿದ ಕೈಗೆ ಗುದ್ದಲಿ ಒಗ್ಗುವುದು ಸುಲಭವಲ್ಲ. ವಸಾಹತು ಕಾಲಕ್ರಮದಲ್ಲಿ ನಿವೃತ್ತರ ವಿಶ್ರಾಂತಿಧಾಮವಾಗಿ ಪರಿಣಮಿಸಿತು. ನೂರಾರು ಎಕರೆ ಹೊಲದ ಬೇಸಾಯಕ್ಕೂ ಹಿತ್ತಿಲಿನ ಬೇಸಾಯಕ್ಕೂ ಬೇಕಾದ ಮನೋಧರ್ಮವೇ ಬೇರೆ ಎಂಬುದನ್ನು ಸಂಘದ ಹಿರಿಯರು ಗಮನಿಸಿದಂತೆ ಕಾಣುವುದಿಲ್ಲ.

ಇತ್ತ ದಂಡಿನಲ್ಲಿ, 1898ರ ಪ್ಲೇಗಿನ ತರುವಾಯ ಎದ್ದ ಫ್ರೇಜರ್ ಟೌನ್ ಮೊದಲಾದ ಬಡಾವಣೆಗಳಲ್ಲಿ ನಿವೇಶನ ಕಿರಿದಾದರೂ ಹಿತ್ತಿಲು ಉಳಿಯಿತು. ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲಿ 1927ರಲ್ಲಿ ರಸೆಲ್ ಮಾರುಕಟ್ಟೆಯ ಕಟ್ಟಡವೆದ್ದ ಮೇಲೆ, ಕೊಳ್ಳುವುದು ಬೆಳೆಯುವುದಕ್ಕಿಂತ ಸುಲಭವಾಯಿತು. ಅದೇ ದಶಕದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತಿನಲ್ಲಿ ಗುರುತಿಸಲ್ಪಟ್ಟು ಆ ಊರಿನ ಹೆಸರನ್ನೇ ಪಡೆದ, ನಮ್ಮವರು ಕೊಕ್ಕರೆ ರೋಗವೆನ್ನುವ ವ್ಯಾಧಿ ಹೊಕ್ಕ ಹಿತ್ತಿಲಿನಲ್ಲಿ ಕೋಳಿಯ ಕೂಗು ವಾರದೊಳಗೆ ಅಡಗುತ್ತಿತ್ತು. ಅದಕ್ಕೆ ಮುಕ್ತೇಶ್ವರದ ಪಶುರೋಗ ಸಂಶೋಧನಾಲಯದ ಲಸಿಕೆ ಬಂದದ್ದು 1940ರ ದಶಕದಲ್ಲಿ. ಯುದ್ಧಕಾಲದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯು ಹುಲ್ಲುಹಾಸನ್ನೂ ಅಗೆದು ತರಕಾರಿ ಹಾಕುವುದಕ್ಕೆ ಗೌರವ ತಂದುಕೊಟ್ಟಿತು. ಹಿತ್ತಿಲು ಮನೆಯ ಮುಂದಕ್ಕೆ ಬಂದದ್ದು ಆಗ ಒಮ್ಮೆ ಮಾತ್ರ.

1947ರಲ್ಲಿ ದಂಡು ಮೈಸೂರು ಸರ್ಕಾರಕ್ಕೆ ಮರಳಿ, 1949ರಲ್ಲಿ ಪೇಟೆ ದಂಡುಗಳೆರಡೂ ಒಂದೇ ನಗರಸಭೆಯ ಕೆಳಗೆ ಬಂದವು. ಮುಂದೆ ಹಲಸೂರಿನಾಚೆಯ ಬಿನ್ನಮಂಗಲದ ಹೊಲತೋಟಗಳ ಮೇಲೆ ಇಂದಿರಾನಗರ ಹಬ್ಬಿದಾಗ ಮನೆಗಳಿಗೆ ಕಾಂಪೌಂಡು ದೊರೆಯಿತು, ಹಿತ್ತಿಲು ದೊರೆಯಲಿಲ್ಲ, ಬಳ್ಳಿ ತಾರಸಿಯನ್ನೇರಿತು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಹಿತ್ತಿಲಿನ ಸಾಕಣೆಗೆಂದೇ ಗಿರಿರಾಜ ತಳಿಯನ್ನು ಸಿದ್ಧಪಡಿಸಿದಾಗ, ಅದನ್ನು ಬಿಡಲು ಹಿತ್ತಿಲಿದ್ದ ಮನೆಗಳು ಹಳ್ಳಿಗಳಲ್ಲಿದ್ದವೇ ಹೊರತು ದಂಡಿನಲ್ಲಿ ಬೆರಳೆಣಿಕೆಗೂ ಸಾಲದಷ್ಟು. ಹಿತ್ತಿಲಿನೊಡನೆ ಅದರ ಲೆಕ್ಕಾಚಾರವೂ ದಂಡನ್ನು ಬಿಟ್ಟಿತು. ನಾಟಿ ಹುಂಜ ಅಡುಗೆಗೆ ಒದಗಲು ಐದಾರು ತಿಂಗಳು ಬೇಕು. ನವರಾತ್ರಿಯ ಸುಮಾರಿಗೆ ಒಡೆದ ಮರಿ ಯುಗಾದಿಯ ಮರುದಿನದ ಹೊಸತೊಡಕಿನ ಮಾಂಸದೂಟಕ್ಕೆ ಸರಿಯಾಗಿ ಬಲಿಯುತ್ತದೆ. ಆ ಲೆಕ್ಕ ಈಗ ಹಳ್ಳಿಗಳಿಂದ ಕೋಳಿ ತರುವವರ ಬಳಿಯಿದೆ. ಶಿವಾಜಿನಗರದ ಗಿರಾಕಿ ಹುಂಜದ ಎದೆಮೂಳೆಯನ್ನು ಹಿಸುಕಿ, ಕಾಲಿನ ಮುಳ್ಳನ್ನು ನೋಡಿ, ಬೆಲೆಗೆ ಜಗ್ಗಾಡುತ್ತಾನೆ.