ಕೊಡಂಬಲ ಸೀಮೆಯ ಮನೆ ಮತ್ತು ನಿವೇಶನ

ಬೀದರ್ ಜಿಲ್ಲೆಯ ಕೊಡಂಬಲ ಹಾಗೂ ಅದರ ಸುತ್ತಲಿನ ಹುಮನಾಬಾದ್, ಬಸವಕಲ್ಯಾಣ ಭಾಗದ ಹಳ್ಳಿಗಳಲ್ಲಿ ಮನೆಯು ಮಾರಾಟದ ಸರಕಾದದ್ದು ತೀರ ಈಚೆಗೆ. ಹೊಲ ಕೈ ಬದಲಾಗುತ್ತಿತ್ತು, ಎತ್ತು ಸಂತೆಗೆ ಹೋಗುತ್ತಿತ್ತು. ಮನೆ ಮಾತ್ರ ಅಣ್ಣತಮ್ಮಂದಿರಲ್ಲಿ ಭಾಗವಾಗುತ್ತಿತ್ತೇ ಹೊರತು ಹೊರಗಿನವರ ಪಾಲಾಗುತ್ತಿದ್ದುದು ಅಪರೂಪ. ಹಾಗಾಗಿ ಇಲ್ಲಿ ವಸತಿಯ ಚರಿತ್ರೆಯೆಂದರೆ ಮನೆಯ ದರದ ಚರಿತ್ರೆಗಿಂತ ಹೆಚ್ಚಾಗಿ ಜಾಗದ ಮತ್ತು ಅದರ ಕಾಗದದ ಚರಿತ್ರೆ.

ಹಳೆಯ ಮನೆಯ ಅಳತೆ ಅಂಕಣಗಳಲ್ಲಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೊಂದು ಬೆಳಕಿಂಡಿ. ಬೀದರ್ ಪ್ರಸ್ಥಭೂಮಿಯಲ್ಲಿ ಜಂಬಿಟ್ಟಿಗೆ ಕಲ್ಲಿಗೂ ಕರಿಕಲ್ಲಿಗೂ ಬರವಿಲ್ಲ. ಮಳೆಗಾಲ ಬರುವ ಮೊದಲು ಮಾಳಿಗೆ ಸೋರದಂತೆ ಹೊಸ ಮಣ್ಣು ಹಾಕುತ್ತಿದ್ದರು. ವರ್ಷವರ್ಷದ ಮಣ್ಣು ಸೇರಿ ಮಾಳಿಗೆ ಭಾರವಾಗುತ್ತಲೇ ಹೋಗುತ್ತಿತ್ತು. ಆ ಭಾರ ಎಂಥ ಅಪಾಯವೆಂಬುದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ತಿಳಿಯಿತು. ಗಡಿಯಾಚೆ, ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪಕ್ಕೆ ಇಂಥವೇ ಮನೆಗಳು ಕುಸಿದು ಹತ್ತು ಸಾವಿರದಷ್ಟು ಜನ ಸತ್ತರು. ಅಗ್ಗದ ಮನೆಯೆಂದರೆ ಕಲ್ಲು ಮಣ್ಣಿನದು ಎಂಬ ಲೆಕ್ಕ ಆಮೇಲೆ ಉಳಿಯಲಿಲ್ಲ. ಸಿಮೆಂಟು, ಕಬ್ಬಿಣ, ಸ್ಲ್ಯಾಬಿನ ಮನೆ ಬೇಕೆಂದಾಗ ಖರ್ಚೆಲ್ಲ ರೊಕ್ಕದಲ್ಲೇ ಆಗಬೇಕಾಯಿತು. ಆ ರೊಕ್ಕ ಹುಟ್ಟುವುದು ಬಹುಪಾಲು ಊರ ಹೊರಗೆ, ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಹೋದವರ ಕೂಲಿಯಲ್ಲಿ.

ಹೊಲವಿಲ್ಲದವರಿಗೆ ಇಂಥ ಮನೆಯೂ ಇರಲಿಲ್ಲ. ನಿಜಾಮನ ಹೈದರಾಬಾದ್ ಸಂಸ್ಥಾನ 1948ರಲ್ಲಿ ಕೊನೆಗೊಂಡಿತು, 1949ರಲ್ಲಿ ಜಾಗೀರುಗಳು ರದ್ದಾದವು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. 1974ರ ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಡಿಸಿತು. ಆದರೆ ಊರ ಹೊರಗಿನ ಕೇರಿಗಳಲ್ಲಿ, ತಾಂಡಾಗಳಲ್ಲಿ ಗುಡಿಸಲು ಕಟ್ಟಿಕೊಂಡ ಅನೇಕರು ತಲೆಮಾರುಗಟ್ಟಲೆ ಕಂದಾಯ ದಾಖಲೆಯಲ್ಲಿ ತಮ್ಮ ಹೆಸರಿಲ್ಲದ ಜಾಗದಲ್ಲೇ ಬದುಕಿದರು.

ಸರ್ಕಾರಿ ಮನೆ ಬಂದದ್ದು ಇಂದಿರಾ ಆವಾಸ್ (1985), ಆಶ್ರಯ (1991–92), ಮುಂದೆ ಬಸವ ವಸತಿ ಯೋಜನೆಗಳ ಮೂಲಕ. ಕಲ್ಯಾಣದ ಮಗ್ಗುಲಲ್ಲೇ ಬಸವಣ್ಣನ ಹೆಸರಿನ ಮನೆಗೆ ಜನ ಪಂಚಾಯಿತಿ ಪಟ್ಟಿಯಲ್ಲಿ ಸರದಿ ಕಾಯುವಂತಾದದ್ದು ಗಮನಿಸತಕ್ಕ ಸಂಗತಿ. 2016ರ ಪ್ರಧಾನಮಂತ್ರಿ ಆವಾಸ್ ಯೋಜನೆಯು ಬಯಲುಸೀಮೆಯ ಗ್ರಾಮೀಣ ಮನೆಯೊಂದಕ್ಕೆ ನಿಗದಿ ಮಾಡಿದ ನೆರವು 1.2 ಲಕ್ಷ ರೂಪಾಯಿ. ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಚದರ ಅಡಿಗೆ ಸುಮಾರು 450 ರೂಪಾಯಿ ಬಿದ್ದಂತಾಯಿತು. ಇದರಲ್ಲಿ ಗೋಡೆ ಎದ್ದೀತು, ಸ್ಲ್ಯಾಬ್ ಬೀಳುವುದು ಕಷ್ಟ. ಮೊದಲ ಕಂತಿನ ನಂತರದ ಹಣ ಬರುವುದು ಕಟ್ಟಡದ ಹಂತ ಮುಗಿದ ಮೇಲೆ. ಅಷ್ಟರೊಳಗೆ ಗೌಂಡಿಯ ಕೂಲಿಗೆ ಕೈಸಾಲ ಮಾಡಲೇಬೇಕು. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಕೇಂದ್ರ ಈ ಮೊತ್ತವನ್ನು ಹೆಚ್ಚಿಸಲಿಲ್ಲ.

ನಿಜವಾದ ಮಾರುಕಟ್ಟೆ ಇರುವುದು ಪ್ಲಾಟುಗಳಲ್ಲಿ. ಪುಣೆ–ಹೈದರಾಬಾದ್ ಹೆದ್ದಾರಿಗೆ ಬೀದರ್–ಕಲಬುರಗಿ ರಸ್ತೆ ಕೂಡುವ ಊರು ಹುಮನಾಬಾದ್. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಪೂರ್ಣಗೊಂಡಿತು. ಇಂಥ ಕೂಡುರಸ್ತೆಯ ಸುತ್ತ ಹೊಲದ ಬೆಲೆಯನ್ನು ನಿರ್ಧರಿಸುವುದು ಬೆಳೆಯಲ್ಲ, ರಸ್ತೆಯ ದೂರ. ಬಿನ್‌ಶೇತ್ಕಿ, ಅಂದರೆ ಕೃಷಿಯೇತರ (ಎನ್‌ಎ) ಆದ ಜಾಗಕ್ಕೂ ಬರೀ ಹೊಲದ ತುಂಡಿಗೂ ಬೆಲೆಯಲ್ಲಿ ಅಂತರವಿದೆ. ಬಡವ ಕೊಳ್ಳುವುದು ಸಾಮಾನ್ಯವಾಗಿ ಎರಡನೆಯದನ್ನೇ. ಪಂಚಾಯಿತಿ ಆಸ್ತಿಗಳ ದಾಖಲೆಗೆಂದು 2013ರಲ್ಲಿ ಬಂದ ಇ-ಸ್ವತ್ತು ವ್ಯವಸ್ಥೆಯಲ್ಲಿ ಅಂಥ ಜಾಗಕ್ಕೆ ನಮೂನೆ 9 ಮತ್ತು 11ಎ ಎಂಬ ಆಸ್ತಿ ಪತ್ರಗಳು ಸಿಗವು. ಬ್ಯಾಂಕು ಕೇಳುವುದು ಅವನ್ನೇ. ಕಡಿಮೆ ದರಕ್ಕೆ ಜಾಗ ಕೊಂಡವನು ಹೆಚ್ಚಿನ ಬಡ್ಡಿಗೆ ಖಾಸಗಿ ಸಾಲ ತೆಗೆಯಬೇಕಾಗುವುದು ಹೀಗೆ.

ಕಾಗದದ ಕೊರತೆ ನೀಗಿಸಲು ಪ್ರಯತ್ನಗಳು ನಡೆದಿವೆ. ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಕಲಮು ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಗ್ರಾಮೀಣರಿಗೆ ಸಕ್ರಮದ ದಾರಿ ತೆರೆಯಿತು. 2020ರ ಸ್ವಾಮಿತ್ವ ಯೋಜನೆ ಗ್ರಾಮಠಾಣಾದ, ಅಂದರೆ ಊರಿನ ವಸತಿ ಜಾಗದ, ಆಸ್ತಿಗಳನ್ನು ಡ್ರೋನ್‌ನಿಂದ ಅಳೆಯತೊಡಗಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಬೀದರ್ ಸೇರಿ ಐದು ಜಿಲ್ಲೆಗಳ ತಾಂಡಾ ನಿವಾಸಿಗಳು ಮುಂತಾದ ಸುಮಾರು 50,000 ಫಲಾನುಭವಿಗಳಿಗೆ ಹಕ್ಕುಪತ್ರ ಕೊಡಲಾಯಿತು. ಹಕ್ಕುಪತ್ರ ಬಂದ ಮನೆಗೆ ಪಂಚಾಯಿತಿಯಲ್ಲಿ ಖಾತೆ ತೆರೆಯಬೇಕು, ಅದರ ಮೇಲೆ ಸಾಲ ಎತ್ತಬಹುದು. ಮಕ್ಕಳ ಕಾಲಕ್ಕೆ ಅದೂ ಭಾಗವಾಗುತ್ತದೆ.